ತಂತಿಯ ಕೊನೆಯಲ್ಲಿ ಎಷ್ಟು ವೋಲ್ಟ್? ಅಲಾರಂ ವ್ಯವಸ್ಥೆ ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ವರ್ತಕರ ಬಂಡವಾಳದ ಬಹುಪಾಲು ರಾತ್ರಿಯ ವೇಳೆ ಮುಚ್ಚಿದ ಬಾಗಿಲಿನ ಹಿಂದೆ ಸರಕಿನ ರೂಪದಲ್ಲಿ ಇರುತ್ತದೆ. ಎಪಿಎಂಸಿ ಪ್ರಾಂಗಣದ ಮಳಿಗೆಯಾಗಲಿ, ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಶೆಡ್ ಆಗಲಿ, ಬ್ಯಾಡಗಿಯ ಮೆಣಸಿನಕಾಯಿ ದಾಸ್ತಾನಾಗಲಿ, ಅವುಗಳ ರಕ್ಷಣೆ ಬೀಗ, ಕಾವಲುಗಾರ ಮತ್ತು ಅಲಾರಂ ಎಂಬ ಮೂರು ಆಧಾರಗಳ ಮೇಲೆ ನಿಂತಿದೆ. ನಿಸ್ತಂತು ಸಂವೇದಕಗಳು ಮಾರುಕಟ್ಟೆಗೆ ಬಂದಿದ್ದರೂ ದೊಡ್ಡ ಗೋದಾಮು ಹಾಗೂ ಕಾರ್ಖಾನೆಗಳಲ್ಲಿ ತಂತಿ ಜೋಡಣೆಯ ವ್ಯವಸ್ಥೆಗೆ ಇಂದಿಗೂ ಬೇಡಿಕೆಯಿದೆ. ಪ್ರತಿ ಸಂವೇದಕದ ಒಳಗಿನ ಬ್ಯಾಟರಿಯನ್ನು ಬದಲಾಯಿಸುವ ಗೋಜು ಅಲ್ಲಿಲ್ಲ. ತಗಡಿನ ಗೋಡೆ ಮತ್ತು ಯಂತ್ರಗಳ ನಡುವೆ ರೇಡಿಯೋ ಸಂಕೇತ ಕ್ಷೀಣಿಸುವ ಭಯವೂ ಇಲ್ಲ.

ಇಂತಹ ವ್ಯವಸ್ಥೆಯನ್ನು ಕೊಳ್ಳುವಾಗ ಉದ್ಯಮಿಗಳು ಸಂವೇದಕಗಳ ಸಂಖ್ಯೆ, ತಯಾರಕರ ಹೆಸರು, ಸೈರನ್ನಿನ ಸದ್ದು ಮತ್ತು ಒಟ್ಟು ಬೆಲೆಯನ್ನು ವಿಚಾರಿಸುತ್ತಾರೆ. ಕೇಬಲ್ಲಿನ ದಪ್ಪವೆಷ್ಟು, ಪವರ್ ಸಪ್ಲೈಯ ಸಾಮರ್ಥ್ಯವೆಷ್ಟು ಎಂಬ ಪ್ರಶ್ನೆಗಳು ವಿರಳ. ಆದರೆ ಅಳವಡಿಸಿದ ದಿನ ಎಲ್ಲರೆದುರು ಸರಿಯಾಗಿ ಕೂಗಿದ ಅಲಾರಂ, ವಿದ್ಯುತ್ ಕಡಿತಗೊಂಡ ರಾತ್ರಿ ಮೌನವಾಗಿರಲು ಅಥವಾ ಕಾರಣವಿಲ್ಲದೆ ಅರಚಲು ಕಾರಣ ಬಹಳಷ್ಟು ಸಲ ಈ ಎರಡರಲ್ಲೇ ಅಡಗಿರುತ್ತದೆ. ಇದನ್ನು ಮೊದಲೇ ತಿಳಿಯಲು ಎಂಜಿನಿಯರಿಂಗ್ ಪದವಿ ಬೇಕಾಗಿಲ್ಲ. ಗುಣಾಕಾರ, ಕಳೆಯುವ ಲೆಕ್ಕ ಮತ್ತು ಒಂದು ಸಾಮಾನ್ಯ ಮಲ್ಟಿಮೀಟರ್ ಸಾಕು.

ಕುಸಿತ ಏಕೆ ಉಂಟಾಗುತ್ತದೆ?

ನಿಯಂತ್ರಣ ಫಲಕದಿಂದ ಹೊರಡುವ ವಿದ್ಯುತ್ತು ಸಂವೇದಕವನ್ನು ತಲುಪಲು ತಂತಿಯ ಪ್ರತಿರೋಧವನ್ನು ದಾಟಬೇಕು. ಈ ದಾಟುವಿಕೆಯಲ್ಲಿ ಒಂದಷ್ಟು ವೋಲ್ಟೇಜ್ ವ್ಯಯವಾಗುತ್ತದೆ. ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವೇ ಇದಕ್ಕೆ ಆಧಾರ: ಆಂಪಿಯರ್‌ನಲ್ಲಿ ಹೇಳಿದ ಪ್ರವಾಹವನ್ನು ಓಮ್‌ನಲ್ಲಿ ಹೇಳಿದ ಪ್ರತಿರೋಧದಿಂದ ಗುಣಿಸಿದರೆ ಬರುವುದೇ ವೋಲ್ಟೇಜ್ ಕುಸಿತ. ಪ್ರವಾಹವು ಒಂದು ತಂತಿಯಲ್ಲಿ ಹೋಗಿ ಇನ್ನೊಂದರಲ್ಲಿ ಹಿಂದಿರುಗುವುದರಿಂದ ಎರಡೂ ತಂತಿಗಳ ಪ್ರತಿರೋಧವನ್ನು ಕೂಡಿಸಬೇಕು. 100 ಮೀಟರ್ ದೂರವೆಂದರೆ ಲೆಕ್ಕಕ್ಕೆ 200 ಮೀಟರ್ ತಂತಿ. ಲೆಕ್ಕ ಹಾಕುವವರು ಮರೆಯುವುದು ಹೆಚ್ಚಾಗಿ ಇದನ್ನೇ.

ಮನೆಯ 230 ವೋಲ್ಟ್ ಮಾರ್ಗದಲ್ಲಿ 2 ವೋಲ್ಟ್ ಕಡಿಮೆಯಾದರೆ ದೀಪಕ್ಕಾಗಲಿ ಫ್ಯಾನಿಗಾಗಲಿ ತಿಳಿಯುವುದೇ ಇಲ್ಲ. 12 ವೋಲ್ಟಿನ ಅಲಾರಂ ಮಾರ್ಗದಲ್ಲಿ ಅದೇ 2 ವೋಲ್ಟ್ ಆರನೆಯ ಒಂದು ಭಾಗ. ಆದ್ದರಿಂದ ಮನೆಯ ವೈರಿಂಗ್‌ನಲ್ಲಿ ನುರಿತ ಎಲೆಕ್ಟ್ರಿಷಿಯನ್‌ನ ಅಂದಾಜು ಕೂಡ ಇಲ್ಲಿ ತಪ್ಪಬಹುದು.

ತಂತಿಯ ದಪ್ಪಕ್ಕೆ ತಕ್ಕಂತೆ ಪ್ರತಿರೋಧ ಬದಲಾಗುತ್ತದೆ. ಒಂಟಿ ಎಳೆಯ ತಾಮ್ರದ ತಂತಿಗೆ 20 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಮಾನಕಗಳು ಒಪ್ಪುವ ಗರಿಷ್ಠ ಪ್ರತಿರೋಧ, ಕಿಲೋಮೀಟರಿಗೆ, ಹೀಗಿದೆ:

0.5 ಚದರ ಮಿ.ಮೀ. – 36.0 ಓಮ್
0.75 ಚದರ ಮಿ.ಮೀ. – 24.5 ಓಮ್
1.0 ಚದರ ಮಿ.ಮೀ. – 18.1 ಓಮ್
1.5 ಚದರ ಮಿ.ಮೀ. – 12.1 ಓಮ್
2.5 ಚದರ ಮಿ.ಮೀ. – 7.41 ಓಮ್

ಅಲಾರಂ ಕೆಲಸಕ್ಕೆಂದು ಮಾರಾಟವಾಗುವ ತೆಳು ಬಹುಎಳೆ ಕೇಬಲ್ಲಿನಲ್ಲಿ ಪ್ರತಿ ತಂತಿ ಸಾಮಾನ್ಯವಾಗಿ 0.22 ಚದರ ಮಿ.ಮೀ. ಇರುತ್ತದೆ. ಇದರ ಪ್ರತಿರೋಧ 100 ಮೀಟರಿಗೆ ಸುಮಾರು 8 ಓಮ್. ಹೋಗಿಬರುವ ದಾರಿಗೆ 16 ಓಮ್. ಅರ್ಧ ಮಿ.ಮೀ. ವ್ಯಾಸದ ದೂರವಾಣಿ ತಂತಿಯದು ಇದಕ್ಕಿಂತ ತುಸು ಹೆಚ್ಚು. ತಾಪಮಾನ ಏರಿದಂತೆ ತಾಮ್ರದ ಪ್ರತಿರೋಧವೂ ಏರುತ್ತದೆ. ತಗಡಿನ ಮಾಡಿನ ಕೆಳಗೆ 40 ಡಿಗ್ರಿ ಬಿಸಿಯಿದ್ದರೆ ಮೇಲಿನ ಅಂಕಿಗಳಿಗೆ ಶೇಕಡಾ 8ರಷ್ಟು ಸೇರಿಸಿಕೊಳ್ಳಬೇಕು.

ಒಂದು ಗೋದಾಮಿನ ಲೆಕ್ಕ

ಉದಾಹರಣೆಗಾಗಿ ಒಂದು ಗೋದಾಮನ್ನು ಊಹಿಸಿಕೊಳ್ಳೋಣ. ನಿಯಂತ್ರಣ ಫಲಕ ಮುಂಬಾಗಿಲ ಬಳಿಯ ಕಚೇರಿಯಲ್ಲಿದೆ. ಹಿಂಭಾಗದ ಶೆಡ್ 100 ಮೀಟರ್ ದೂರ. ಅಲ್ಲಿ ಚಲನೆಯನ್ನು ಗುರುತಿಸುವ 10 ಪಿಐಆರ್ ಸಂವೇದಕಗಳಿವೆ. ಒಂದೊಂದೂ 15 ಮಿಲಿ ಆಂಪಿಯರ್ ಬಳಸಿದರೆ ಒಟ್ಟು 150 ಮಿಲಿ ಆಂಪಿಯರ್, ಅಂದರೆ 0.15 ಆಂಪಿಯರ್. ಕೇಬಲ್ 0.22 ಚದರ ಮಿ.ಮೀ.ನದು. ಕುಸಿತ 0.15ನ್ನು 16ರಿಂದ ಗುಣಿಸಿದಾಗ ಬರುವ 2.4 ವೋಲ್ಟ್.

ವಿದ್ಯುತ್ ಇರುವಾಗ ಫಲಕದ ಪವರ್ ಸಪ್ಲೈ ಬ್ಯಾಟರಿಯನ್ನು ಸದಾ ತುಂಬಿದ ಸ್ಥಿತಿಯಲ್ಲಿಡಲು ಸುಮಾರು 13.8 ವೋಲ್ಟ್ ಕೊಡುತ್ತದೆ. ಅದರಲ್ಲಿ 2.4 ಕಳೆದರೆ ಹಿಂಭಾಗದ ಶೆಡ್ಡಿಗೆ 11.4 ವೋಲ್ಟ್ ಸಿಗುತ್ತದೆ. ಇಂತಹ ಸಂವೇದಕಗಳ ಕಾರ್ಯವ್ಯಾಪ್ತಿ ಸಾಮಾನ್ಯವಾಗಿ 9ರಿಂದ 16 ವೋಲ್ಟ್ ಆದ್ದರಿಂದ ಎಲ್ಲವೂ ಸರಿಯಾಗಿ ನಡೆಯುತ್ತದೆ. ಪರೀಕ್ಷೆ ಮುಗಿಯಿತು, ಬಿಲ್ಲು ಪಾವತಿಯಾಯಿತು.

ಈಗ ರಾತ್ರಿ ವಿದ್ಯುತ್ ಹೋಗಲಿ. ಹೊರೆ ಬ್ಯಾಟರಿಯ ಮೇಲೆ ಬೀಳುತ್ತದೆ. ಸೀಸ ಮತ್ತು ಆಮ್ಲದ 12 ವೋಲ್ಟ್ ಬ್ಯಾಟರಿಯು ಪೂರ್ಣ ತುಂಬಿದಾಗ ಸುಮಾರು 12.7 ವೋಲ್ಟ್ ತೋರಿಸಿ, ಬಳಕೆಯಾದಂತೆ ಇಳಿಯುತ್ತಾ 10.5 ವೋಲ್ಟಿಗೆ ಬಂದಾಗ ಬರಿದಾಯಿತೆಂದು ಎಣಿಸಲ್ಪಡುತ್ತದೆ. ಬ್ಯಾಟರಿ 11 ವೋಲ್ಟಿಗೆ ಇಳಿದ ಹೊತ್ತಿಗೆ ಹಿಂಭಾಗದ ಶೆಡ್ಡಿನಲ್ಲಿ ಉಳಿಯುವುದು 8.6 ವೋಲ್ಟ್ ಮಾತ್ರ. ಅದು ಸಂವೇದಕದ ಕನಿಷ್ಠ ಮಿತಿಗಿಂತ ಕಡಿಮೆ. ಫಲಕ ಇನ್ನೂ ಉರಿಯುತ್ತಿರುತ್ತದೆ, ಮುಂಭಾಗದ ಸಂವೇದಕಗಳು ಎಚ್ಚರವಾಗಿರುತ್ತವೆ. ಸರಕು ಇರುವ ಹಿಂಭಾಗದ ಕಾವಲು ಮಾತ್ರ ಕುಸಿದಿರುತ್ತದೆ. ಹೊಸ ಬ್ಯಾಟರಿಯಲ್ಲಿ ಈ ಸ್ಥಿತಿ ದೀರ್ಘ ಕಡಿತದ ಕೊನೆಯ ಭಾಗದಲ್ಲಿ ಬರುತ್ತದೆ. ಮೂರ್ನಾಲ್ಕು ವರ್ಷ ಹಳೆಯದಾದರೆ ಕಡಿತದ ಮೊದಲ ಗಂಟೆಗಳಲ್ಲೇ ಬರಬಹುದು.

ಇದೇ ಜೋಡಿ ತಂತಿಯ ತುದಿಗೆ 400 ಮಿಲಿ ಆಂಪಿಯರ್ ಬೇಡುವ ಸೈರನ್ನನ್ನೂ ಸೇರಿಸಿದ್ದರೆ ಪರಿಸ್ಥಿತಿ ಇನ್ನೂ ಕಷ್ಟ. ಕಾಗದದ ಲೆಕ್ಕದಲ್ಲಿ 0.55 ಆಂಪಿಯರ್‌ಗೆ ಕುಸಿತ 8.8 ವೋಲ್ಟ್ ಆಗುತ್ತದೆ. ವಾಸ್ತವದಲ್ಲಿ ಸೈರನ್ ತನಗೆ ಬೇಕಾದ ಪ್ರವಾಹವನ್ನು ಎಳೆಯಲಾರದೆ ಕ್ಷೀಣವಾಗಿ ಕೂಗುತ್ತದೆ. ಅದರೊಡನೆ ಸಂವೇದಕಗಳ ವೋಲ್ಟೇಜನ್ನೂ ಕೆಳಗೆಳೆಯುತ್ತದೆ. ಕಳ್ಳತನ ನಡೆಯುತ್ತಿರುವ ಕ್ಷಣದಲ್ಲೇ ವ್ಯವಸ್ಥೆ ಅತ್ಯಂತ ದುರ್ಬಲವಾಗುವುದು ಹೀಗೆ.

ಮೇಲಿನ ಲೆಕ್ಕದಲ್ಲಿ ಹತ್ತೂ ಸಂವೇದಕಗಳು ತಂತಿಯ ತುದಿಯಲ್ಲಿವೆ. ಅವು ದಾರಿಯುದ್ದಕ್ಕೂ ಸಮಾನ ಅಂತರದಲ್ಲಿದ್ದರೆ ಕೊನೆಯ ಸಂವೇದಕದ ಬಳಿಯ ಕುಸಿತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೂ ಎಲ್ಲವೂ ತುದಿಯಲ್ಲಿವೆ ಎಂದೇ ಲೆಕ್ಕ ಹಾಕುವುದು ಕ್ಷೇಮ. ನಾಳೆ ಇನ್ನೆರಡು ಸಂವೇದಕ ಸೇರಿಸಬೇಕಾದಾಗ ಆ ಅವಕಾಶ ಉಪಯೋಗಕ್ಕೆ ಬರುತ್ತದೆ.

ಸುಳ್ಳು ಅಲಾರಂನ ಬೆಲೆ

ವೋಲ್ಟೇಜ್ ಕಡಿಮೆಯಾದಾಗ ಸಂವೇದಕವು ಸುಮ್ಮನೆ ಆರಿಹೋಗುತ್ತದೆ ಎಂದುಕೊಳ್ಳಬಾರದು. ಹಲವು ಮಾದರಿಗಳಲ್ಲಿ ಒಳಗಿನ ರಿಲೇ ಬಿಟ್ಟುಕೊಂಡು ಫಲಕಕ್ಕೆ ಕಳ್ಳ ಬಂದ ಸಂಕೇತವೇ ಹೋಗುತ್ತದೆ. ಆಗ ಸೈರನ್ ಕೂಗುತ್ತದೆ. ಅದರಿಂದ ವೋಲ್ಟೇಜ್ ಮತ್ತಷ್ಟು ಕುಸಿಯುತ್ತದೆ. ವಿದ್ಯುತ್ ಮರಳಿದ ಮೇಲೆ ಪರೀಕ್ಷಿಸಿದರೆ ಯಾವ ದೋಷವೂ ಕಾಣುವುದಿಲ್ಲ. ದುರಸ್ತಿಗೆ ಬಂದವರು ಇಲಿ, ಜೇಡ, ಗಾಳಿ ಎಂದು ಕಾರಣ ಹೇಳಿ ಸಂವೇದಕವನ್ನು ಬದಲಾಯಿಸುತ್ತಾರೆ. ಹೊಸ ಸಂವೇದಕವೂ ಹಾಗೆಯೇ ವರ್ತಿಸುತ್ತದೆ.

ಇದರ ಪರಿಣಾಮ ಹಣದ ನಷ್ಟಕ್ಕಷ್ಟೇ ಸೀಮಿತವಲ್ಲ. ವಿದ್ಯುತ್ ಹೋದಾಗಲೆಲ್ಲ ಅರಚುವ ಅಲಾರಂನ್ನು ಕಾವಲುಗಾರನು ಕೊನೆಗೆ ಆರಿಸಿಬಿಡುತ್ತಾನೆ. ನೆರೆಹೊರೆಯವರು ಕಿವಿಗೊಡುವುದನ್ನು ನಿಲ್ಲಿಸುತ್ತಾರೆ. ಕಳವು ವಿಮೆಯ ಪಾಲಿಸಿಯಲ್ಲಿ ಅಲಾರಂ ಸುಸ್ಥಿತಿಯಲ್ಲಿರಬೇಕೆಂಬ ಷರತ್ತಿದ್ದರೆ, ಆರಿಸಿಟ್ಟ ಅಲಾರಂ ಪರಿಹಾರದ ವೇಳೆ ತಕರಾರಿಗೆ ಕಾರಣವಾಗಬಹುದು. ಆದ್ದರಿಂದ ಕರೆಂಟ್ ಹೋದಾಗ ಮಾತ್ರ ಕೂಗುವ ಅಥವಾ ದೂರದ ತುದಿಯಲ್ಲಿ ಮಾತ್ರ ತೊಂದರೆ ಕೊಡುವ ಅಲಾರಂ ಕಂಡಲ್ಲಿ, ಸಂವೇದಕವನ್ನು ದೂರುವ ಮೊದಲು ವೋಲ್ಟೇಜನ್ನು ಅಳೆಯಬೇಕು.

ಪರಿಹಾರದ ಮಾರ್ಗಗಳು

ಮೊದಲನೆಯದು, ದಪ್ಪ ತಂತಿ. ಅದೇ ಗೋದಾಮಿಗೆ 1.0 ಚದರ ಮಿ.ಮೀ. ತಾಮ್ರದ ತಂತಿ ಹಾಕಿದರೆ ಹೋಗಿಬರುವ ಪ್ರತಿರೋಧ 3.62 ಓಮ್ ಮಾತ್ರ. ಸಂವೇದಕಗಳ 0.15 ಆಂಪಿಯರ್‌ಗೆ ಕುಸಿತ ಸುಮಾರು 0.54 ವೋಲ್ಟ್. ಬ್ಯಾಟರಿ 10.5 ವೋಲ್ಟಿಗೆ ಇಳಿದಾಗಲೂ ತುದಿಯಲ್ಲಿ 9.96 ವೋಲ್ಟ್ ಉಳಿಯುತ್ತದೆ.

ಎರಡನೆಯದು, ಸೈರನ್ನಿಗೆ ಪ್ರತ್ಯೇಕ ಜೋಡಿ. ಫಲಕದಿಂದಲೇ ಬೇರೆ 1.0 ಚದರ ಮಿ.ಮೀ. ಜೋಡಿಯನ್ನು ಎಳೆದರೆ 0.4 ಆಂಪಿಯರ್‌ಗೆ ಕುಸಿತ 1.45 ವೋಲ್ಟ್. ಸೈರನ್ ಕೂಗಿದರೂ ಆ ತಂತಿಗಳಲ್ಲಿನ ಕುಸಿತ ಸಂವೇದಕಗಳನ್ನು ತಟ್ಟುವುದಿಲ್ಲ. ಹಿಂದಿರುಗುವ ತಂತಿಯನ್ನು ಎರಡಕ್ಕೂ ಒಂದೇ ಮಾಡಿ ಉಳಿತಾಯ ಮಾಡಿದರೆ ಈ ಲಾಭದ ಅರ್ಧ ಕೈತಪ್ಪುತ್ತದೆ.

ಮೂರನೆಯದು, ಈಗಾಗಲೇ ತೆಳು ಕೇಬಲ್ ಎಳೆದಾಗಿರುವ ಸ್ಥಳಗಳಿಗೆ. ಅದರಲ್ಲಿ ಬಳಸದೆ ಉಳಿದ ತಂತಿಗಳಿದ್ದರೆ ಧನಕ್ಕೆ ಎರಡು, ಋಣಕ್ಕೆ ಎರಡು ಎಂದು ಜೊತೆಗೂಡಿಸಬಹುದು. ನಮ್ಮ ಉದಾಹರಣೆಯಲ್ಲಿ 16 ಓಮ್ 8ಕ್ಕೆ ಇಳಿಯುತ್ತದೆ, ಕುಸಿತ 1.2 ವೋಲ್ಟ್ ಆಗುತ್ತದೆ. ಬ್ಯಾಟರಿ 11 ವೋಲ್ಟಿನಲ್ಲಿದ್ದಾಗ ತುದಿಗೆ 9.8 ವೋಲ್ಟ್ ತಲುಪುತ್ತದೆ. ಗೋಡೆ ಒಡೆಯದೆ ಸಿಗುವ ಈ ಪರಿಹಾರಕ್ಕೆ ಖರ್ಚೇ ಇಲ್ಲ.

ನಾಲ್ಕನೆಯದು, ದೂರದ ಶೆಡ್ಡಿನಲ್ಲೇ ಬ್ಯಾಟರಿಸಹಿತವಾದ ಇನ್ನೊಂದು ಪವರ್ ಸಪ್ಲೈ ಇಡುವುದು. ಸಂವೇದಕಗಳ ಸಂಖ್ಯೆ ಹೆಚ್ಚಿದ್ದಲ್ಲಿ ಅಥವಾ ದೂರ ಬಹಳವಿದ್ದಲ್ಲಿ ಇದು ಉತ್ತಮ. ಆದರೆ ಎರಡು ಪವರ್ ಸಪ್ಲೈಗಳ ಧನ ತುದಿಗಳನ್ನು ಎಂದಿಗೂ ಒಂದಕ್ಕೊಂದು ಜೋಡಿಸಬಾರದು. ಋಣ ತುದಿಗಳನ್ನು ಜೋಡಿಸಬೇಕೇ ಎಂಬುದನ್ನು ಫಲಕದ ಕೈಪಿಡಿ ನೋಡಿ ತೀರ್ಮಾನಿಸತಕ್ಕದ್ದು. ಕೀಪ್ಯಾಡ್ ಮುಂತಾದ ಸಂಕೇತ ವಿನಿಮಯದ ಉಪಕರಣಗಳಿಗೆ ಸಾಮಾನ್ಯವಾಗಿ ಅದು ಅವಶ್ಯ. ದೂರದ ಪವರ್ ಸಪ್ಲೈಗೆ ವಿದ್ಯುತ್ ನಿಂತರೆ ಅಥವಾ ಅದರ ಬ್ಯಾಟರಿ ಇಳಿದರೆ ಮುಖ್ಯ ಫಲಕಕ್ಕೆ ತಿಳಿಯುವ ಏರ್ಪಾಡೂ ಇರಬೇಕು. ಇಲ್ಲವಾದರೆ ಅದು ಕೆಟ್ಟಿರುವುದು ಕಳ್ಳತನವಾದ ಮೇಲಷ್ಟೇ ಗೊತ್ತಾಗುತ್ತದೆ.

24 ವೋಲ್ಟಿನ ಉಪಕರಣಗಳನ್ನು ಆರಿಸುವುದು ಇನ್ನೊಂದು ದಾರಿ. ಅದೇ ಶಕ್ತಿಯನ್ನು ಇಮ್ಮಡಿ ವೋಲ್ಟೇಜಿನಲ್ಲಿ ಸಾಗಿಸಿದರೆ ಪ್ರವಾಹ ಅರ್ಧವಾಗುತ್ತದೆ, ಕುಸಿತವೂ ಅರ್ಧವಾಗುತ್ತದೆ. ಒಟ್ಟು ವೋಲ್ಟೇಜಿಗೆ ಹೋಲಿಸಿದರೆ ನಷ್ಟದ ಪ್ರಮಾಣ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬೆಂಕಿ ಅಲಾರಂ ವ್ಯವಸ್ಥೆಗಳಲ್ಲಿ 24 ವೋಲ್ಟ್ ರೂಢಿಯಲ್ಲಿರುವುದರಿಂದ ಆಗುವ ಒಂದು ಅನುಕೂಲ ಇದು. ಆದರೆ ಬೆಂಕಿ ಅಲಾರಂಗೆ ಭಾರತೀಯ ಮಾನಕ ಐಎಸ್ 2189 ಸಂಹಿತೆ ಪ್ರತ್ಯೇಕವಾಗಿ ಇದ್ದು, ಆ ಕೆಲಸವನ್ನು ಅದರಂತೆಯೇ ಮಾಡಿಸತಕ್ಕದ್ದು.

ಒಂದು ಅಡ್ಡದಾರಿಯಿಂದ ಮಾತ್ರ ದೂರವಿರಬೇಕು. ತುದಿಯಲ್ಲಿ ವೋಲ್ಟೇಜ್ ಸಾಲದೆಂದು ಪವರ್ ಸಪ್ಲೈಯ ತಿರುಪನ್ನು ತಿರುಗಿಸಿ 15 ವೋಲ್ಟಿಗೆ ಏರಿಸುವವರಿದ್ದಾರೆ. ಇದರಿಂದ ಬ್ಯಾಟರಿಗೆ ಅತಿಯಾದ ಚಾರ್ಜ್ ಆಗಿ ಅದು ಉಬ್ಬಿ ಹಾಳಾಗುತ್ತದೆ. ವಿದ್ಯುತ್ ಹೋದೊಡನೆ ಏರಿಸಿದ ವೋಲ್ಟೇಜೂ ಮಾಯವಾಗುವುದರಿಂದ ನಿಜವಾದ ತೊಂದರೆ ಹಾಗೆಯೇ ಉಳಿಯುತ್ತದೆ.

ಬ್ಯಾಟರಿ ಮತ್ತು ಪವರ್ ಸಪ್ಲೈಯ ಗಾತ್ರ

ತಂತಿ ಸರಿಯಿದ್ದರೂ ಬ್ಯಾಟರಿ ಸಾಲದಿದ್ದರೆ ಪ್ರಯೋಜನವಿಲ್ಲ. ಇದರ ಲೆಕ್ಕವೂ ಸರಳ. ಫಲಕ ಮತ್ತು ಕೀಪ್ಯಾಡಿಗೆ 150 ಮಿಲಿ ಆಂಪಿಯರ್, ಸಂವೇದಕಗಳಿಗೆ 150, ಒಟ್ಟು 0.3 ಆಂಪಿಯರ್ ಎಂದಿಟ್ಟುಕೊಳ್ಳೋಣ. 12 ಗಂಟೆಗೆ 3.6 ಆಂಪಿಯರ್ ಗಂಟೆ ಬೇಕು. ಸೈರನ್ ಸೇರಿ 0.7 ಆಂಪಿಯರ್‌ನಂತೆ ಅರ್ಧ ಗಂಟೆಗೆ 0.35. ಒಟ್ಟು 3.95. ಬ್ಯಾಟರಿ ಹಳತಾಗುವುದನ್ನು ಗಮನದಲ್ಲಿಟ್ಟು ನಾಲ್ಕನೆಯ ಒಂದು ಭಾಗ ಹೆಚ್ಚಿಸಿದರೆ ಸುಮಾರು 5 ಆಂಪಿಯರ್ ಗಂಟೆ. ಮಾರುಕಟ್ಟೆಯ 7 ಆಂಪಿಯರ್ ಗಂಟೆಯ ಬ್ಯಾಟರಿ ಇದಕ್ಕೆ ಸಾಕು. ಆದರೆ ಭಾನುವಾರ ಪೂರ್ತಿ ಬಾಗಿಲು ಮುಚ್ಚಿರುವ ಕಡೆ 24 ಗಂಟೆಯ ಲೆಕ್ಕ ಹಾಕಿದರೆ ಅಗತ್ಯ 9.4 ಆಂಪಿಯರ್ ಗಂಟೆಯನ್ನು ದಾಟುತ್ತದೆ; ಅಲ್ಲಿ 12 ಆಂಪಿಯರ್ ಗಂಟೆಯದೇ ಬೇಕು. ಯೂರೋಪಿನ ಇಎನ್ 50131 ಮಾನಕವು ಕೆಳಗಿನ ಎರಡು ಭದ್ರತಾ ದರ್ಜೆಗಳಿಗೆ 12 ಗಂಟೆ, ಮೇಲಿನ ಎರಡಕ್ಕೆ 60 ಗಂಟೆಯ ಬದಲಿ ವಿದ್ಯುತ್ತನ್ನು ನಿಗದಿಪಡಿಸಿರುವುದು ಹೋಲಿಕೆಗೆ ಉಪಯುಕ್ತ.

ಪವರ್ ಸಪ್ಲೈಯು ಸಂವೇದಕಗಳ ಹೊರೆಯೊಂದಿಗೆ ಬ್ಯಾಟರಿಯನ್ನು ಮತ್ತೆ ತುಂಬಿಸುವ ಪ್ರವಾಹವನ್ನೂ ಕೊಡಬೇಕು. ಮೇಲಿನ ಉದಾಹರಣೆಯಲ್ಲಿ 0.3 ಆಂಪಿಯರ್ ಹೊರೆಗೆ 7 ಆಂಪಿಯರ್ ಗಂಟೆಯ ಬ್ಯಾಟರಿಯ ಚಾರ್ಜಿಗೆಂದು 0.7 ಆಂಪಿಯರ್ ಸೇರಿಸಿದರೆ ಅದೇ 1 ಆಂಪಿಯರ್ ಆಗುತ್ತದೆ. ಸೈರನ್ನನ್ನೂ ಲೆಕ್ಕಕ್ಕೆ ತಂದರೆ 2 ಆಂಪಿಯರ್ ಪವರ್ ಸಪ್ಲೈ ಯುಕ್ತ. ನಂತರದ ದಿನಗಳಲ್ಲಿ ಕ್ಯಾಮೆರಾ, ಬಾಗಿಲಿನ ವಿದ್ಯುತ್ ಬೀಗ ಮುಂತಾದುವನ್ನು ಇದಕ್ಕೇ ಜೋಡಿಸುವ ಅಭ್ಯಾಸ ಸಲ್ಲದು.

ಬಿಸಿಯು ಬ್ಯಾಟರಿಯ ಶತ್ರು. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೆ ಇದರ ಆಯುಷ್ಯ ಸುಮಾರು ಅರ್ಧವಾಗುತ್ತದೆಂಬುದು ಅನುಭವದ ಸೂತ್ರ. ಬಾಯ್ಲರಿನ ಪಕ್ಕದಲ್ಲಾಗಲಿ ತಗಡಿನ ಮಾಡಿಗೆ ತಾಗಿಯಾಗಲಿ ಫಲಕವನ್ನು ಅಳವಡಿಸದೆ, ನೆರಳಿರುವ ತಂಪು ಗೋಡೆಯನ್ನು ಆರಿಸಿಕೊಳ್ಳಬೇಕು. ಬ್ಯಾಟರಿಯ ಮೇಲೆ ಅಳವಡಿಸಿದ ದಿನಾಂಕವನ್ನು ಬರೆದಿಡುವುದೂ ಒಳ್ಳೆಯ ಪದ್ಧತಿ.

ಕೇಬಲ್ ಅಸಲಿಯೇ?

ಮಾರುಕಟ್ಟೆಯಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಹೊದಿಕೆ ಕೊಟ್ಟ ಕೇಬಲ್ಲುಗಳೂ ದೊರೆಯುತ್ತವೆ. ನೋಡಲು ತಾಮ್ರದಂತೆಯೇ ಇರುವ ಇವುಗಳ ಪ್ರತಿರೋಧ ಶುದ್ಧ ತಾಮ್ರಕ್ಕಿಂತ ಒಂದೂವರೆ ಪಟ್ಟು ಮೀರುತ್ತದೆ. ಚಾಕುವಿನಿಂದ ಕೆರೆದಾಗ ಒಳಗೆ ಬಿಳಿಯ ಲೋಹ ಕಂಡರೆ ಸಂಶಯಪಡಬೇಕು. ಇನ್ನೂ ಖಚಿತವಾದ ಪರೀಕ್ಷೆಯೊಂದಿದೆ. 1.0 ಚದರ ಮಿ.ಮೀ.ನ 100 ಮೀಟರ್ ಸುರುಳಿಯಲ್ಲಿ ಎರಡು ತಂತಿಗಳ ಒಂದು ತುದಿಯನ್ನು ಒಟ್ಟಿಗೆ ಹೆಣೆದು ಇನ್ನೊಂದು ತುದಿಯಲ್ಲಿ ಮಲ್ಟಿಮೀಟರಿನಿಂದ ಪ್ರತಿರೋಧ ಅಳೆಯಬೇಕು. ಮೀಟರಿನ ವೈರುಗಳದೇ ಪ್ರತಿರೋಧವನ್ನು ಕಳೆದ ಮೇಲೆ 3.6 ಓಮ್ ಆಸುಪಾಸಿನಲ್ಲಿ ಬಂದರೆ ತಾಮ್ರ, 5.5 ಓಮ್ ಸಮೀಪ ಬಂದರೆ ಹೊದಿಕೆಯ ತಂತಿ, ಅಥವಾ ಹೇಳಿದ್ದಕ್ಕಿಂತ ತೆಳುವಾದ ತಂತಿ. ಎರಡರಲ್ಲಿ ಯಾವುದಾದರೂ ಕೊಟ್ಟ ಬೆಲೆಗೆ ತಕ್ಕ ಸರಕಲ್ಲ.

ತಯಾರಕರಿಗೆ ಒಂದು ಮಾತು

ಕೇಬಲ್, ಪವರ್ ಸಪ್ಲೈ ಮತ್ತು ಸಂವೇದಕಗಳನ್ನು ತಯಾರಿಸುವ ಸಣ್ಣ ಉದ್ಯಮಗಳಿಗೆ ಇಲ್ಲಿ ಒಂದು ಅವಕಾಶವಿದೆ. ಕೇಬಲ್ಲಿನ ಸುರುಳಿಯ ಮೇಲೆ 100 ಮೀಟರಿಗೆ ಇರುವ ಪ್ರತಿರೋಧವನ್ನು, ಸಂವೇದಕದ ಪೆಟ್ಟಿಗೆಯ ಮೇಲೆ ಕನಿಷ್ಠ ವೋಲ್ಟೇಜ್ ಹಾಗೂ ಗರಿಷ್ಠ ಪ್ರವಾಹವನ್ನು, ಪವರ್ ಸಪ್ಲೈಯ ಮೇಲೆ ಸತತವಾಗಿ ಕೊಡಬಲ್ಲ ಪ್ರವಾಹವನ್ನು ಮುದ್ರಿಸಿದರೆ ಖರೀದಿದಾರನಿಗೆ ಲೆಕ್ಕ ಹಾಕುವುದು ಸುಲಭವಾಗುತ್ತದೆ. ಬೆಲೆಯಲ್ಲಿ ಮಾತ್ರ ಸ್ಪರ್ಧಿಸುವ ಸರಕಿನ ನಡುವೆ ಲೆಕ್ಕ ತೋರಿಸಬಲ್ಲ ಸರಕು ಬೇರೆಯಾಗಿ ನಿಲ್ಲುತ್ತದೆ. ಕ್ಷಣಕಾಲ ಮಾತ್ರ ಕೊಡಬಲ್ಲ ಪ್ರವಾಹವನ್ನು ದೊಡ್ಡ ಅಕ್ಷರದಲ್ಲಿ ಬರೆಯುವುದರಿಂದ ಒಮ್ಮೆ ಮಾರಾಟವಾಗಬಹುದು, ಎರಡನೆಯ ಸಲ ಗ್ರಾಹಕ ಬರಲಾರ.

ಖರೀದಿ ಆದೇಶದಲ್ಲಿ ಸೇರಿಸಬೇಕಾದ ಅಂಶಗಳು

ಹೊಸ ವ್ಯವಸ್ಥೆಗೆ ಆದೇಶ ಕೊಡುವಾಗ ಈ ಕೆಳಗಿನವನ್ನು ಬರವಣಿಗೆಯಲ್ಲಿ ಸೇರಿಸುವುದು ಒಳಿತು:

1. ಪ್ರತಿ ಮಾರ್ಗದ ಉದ್ದ, ತಂತಿಯ ಗಾತ್ರ, ಪ್ರವಾಹ ಮತ್ತು ವೋಲ್ಟೇಜ್ ಕುಸಿತವನ್ನು ತೋರಿಸುವ ಒಂದು ಪುಟದ ಲೆಕ್ಕ.
2. ಬ್ಯಾಟರಿ 10.5 ವೋಲ್ಟಿಗೆ ಇಳಿದಾಗಲೂ ಕೊನೆಯ ಸಂವೇದಕಕ್ಕೆ ಅದರ ಕನಿಷ್ಠ ವೋಲ್ಟೇಜ್ ಸಿಗುವುದೆಂಬ ಭರವಸೆ.
3. ಸೈರನ್ನಿಗೆ ಪ್ರತ್ಯೇಕ ಜೋಡಿ ತಂತಿ.
4. ಬ್ಯಾಟರಿ ಎಷ್ಟು ಗಂಟೆ ನಡೆಸಬೇಕೆಂಬ ಸ್ಪಷ್ಟ ಅಂಕಿ.
5. ಹೆಣೆದು ಟೇಪ್ ಸುತ್ತಿದ ಕೀಲುಗಳ ಬದಲು ಪೆಟ್ಟಿಗೆಯೊಳಗೆ ತಿರುಪಿನಿಂದ ಬಿಗಿಗೊಳಿಸಿದ ಅಥವಾ ಬೆಸುಗೆ ಹಾಕಿದ ಕೀಲುಗಳು. ಮಳೆಗಾಲದ ತೇವಕ್ಕೆ ಕಿಲುಬು ಹಿಡಿದ ಒಂದೇ ಕೀಲು ಇಡೀ ಲೆಕ್ಕವನ್ನು ಬುಡಮೇಲು ಮಾಡಬಲ್ಲದು.
6. ವಿದ್ಯುತ್ ಆರಿಸಿ, ಬ್ಯಾಟರಿಯ ಮೇಲೆ, ಸೈರನ್ ಕೂಗುತ್ತಿರುವಾಗ, ಅತ್ಯಂತ ದೂರದ ಸಂವೇದಕದ ತುದಿಯಲ್ಲಿ ವೋಲ್ಟೇಜ್ ಅಳೆದು ತೋರಿಸುವುದು.

ಆರನೆಯ ಅಂಶವೊಂದನ್ನು ಪಾಲಿಸಿದರೂ ಉಳಿದ ಬಹುತೇಕ ದೋಷಗಳು ತಾವಾಗಿ ಬೆಳಕಿಗೆ ಬರುತ್ತವೆ. ಅಂತಿಮ ಕಂತಿನ ಹಣವನ್ನು ಈ ಪರೀಕ್ಷೆಯ ನಂತರವೇ ಕೊಡುವುದು ಸೂಕ್ತ. ದೊರೆತ ಅಂಕಿಯನ್ನು ದಿನಾಂಕದೊಂದಿಗೆ ಫಲಕದ ಬಾಗಿಲಿನ ಒಳಭಾಗದಲ್ಲಿ ಬರೆಸಿ, ಆರು ತಿಂಗಳಿಗೊಮ್ಮೆ, ಅದರಲ್ಲಿಯೂ ಮಳೆಗಾಲಕ್ಕೆ ಮುನ್ನ ಮತ್ತೆ ಅಳೆಯಬೇಕು. ಹಿಂದಿನ ಅಂಕಿಗಿಂತ ಅರ್ಧ ವೋಲ್ಟ್ ಕಡಿಮೆಯಾಗಿದ್ದರೆ ಬ್ಯಾಟರಿಯೋ ಕೀಲೋ ದುರ್ಬಲಗೊಳ್ಳುತ್ತಿದೆ ಎಂದರ್ಥ. ಹತ್ತು ನಿಮಿಷದ ಈ ಕೆಲಸಕ್ಕೆ ಬೇಕಾಗುವುದು ಒಂದು ಮಲ್ಟಿಮೀಟರ್, ಒಂದು ಏಣಿ ಮತ್ತು ಮುಖ್ಯ ಸ್ವಿಚ್ಚನ್ನು ಆರಿಸುವ ಮನಸ್ಸು.